ಕಂಡೋರು ಯಾರು, ರೈಟ್ರೇ?

ನಾನು ರೈಟರ್. ಹೀಗೆ ಹೇಳಿದಾಗಲೆಲ್ಲ ಕೊಡಗಿನ ಆಚೆಯವರು ಕಥೆ ಬರೀತೀರಾ, ಕವನವಾ ಅಂತ ಕೇಳುತ್ತಾರೆ. ಎರಡೂ ಇಲ್ಲ ಮಾರಾಯ್ರೇ. ನಾನು ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನ ರೈಟರ್. ಬೆಳಿಗ್ಗೆ ಹಾಜರಿ ಹಾಕುವುದು, ಯಾವ ಗುಂಪು ತೋಟದ ಯಾವ ಕಡೆ ಪಿಕಿಂಗ್‌ಗೆ ಹೋಗಬೇಕೆಂದು ಹೇಳುವುದು, ಸಂಜೆ ಕಿತ್ತು ತಂದ ಹಣ್ಣನ್ನು ತೂಕ ಹಾಕಿಸಿ ಬರೆದುಕೊಳ್ಳುವುದು, ಇಷ್ಟೇ ನನ್ನ ಸಾಹಿತ್ಯ. ನಮ್ಮ ತಾತ ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕ ಜಮೀನು ಮಾಡಿದವರು. ನಾನು ಓದು ಮುಗಿಸಿ, ಸದ್ಯಕ್ಕೆ ಇರಲಿ ಅಂತ ಈ ಕೆಲಸಕ್ಕೆ ಸೇರಿದೆ. ಆ ಸದ್ಯ ಇನ್ನೂ ಮುಗಿದಿಲ್ಲ. ತಲೆಯಲ್ಲಿ ಮಾತ್ರ ಈಗ ಕರಿ ಕೂದಲನ್ನು ಹುಡುಕಬೇಕು.

ಈ ರೈಟರ್ ಅನ್ನುವ ಪದವೇ ಒಂದು ಸಲ ನನ್ನನ್ನು ಬೆಪ್ಪು ಮಾಡಿತು. ಅದನ್ನು ಹೇಳಬೇಕೆಂದರೆ ಇಂಟರ್‌ನೆಟ್ಟಿನಿಂದ ಶುರು ಮಾಡಬೇಕು.

ಕಳೆದ ಪಿಕಿಂಗ್ ಕಾಲ. ಒಂದು ಬೆಳಿಗ್ಗೆ ನಮ್ಮ ತೋಟದ ಸಾಹುಕಾರರು ಆಫೀಸಿನ ಮುಂದೆ ಜೀಪು ನಿಲ್ಲಿಸಿ, ಇಂಜಿನ್ನೂ ಆರಿಸದೆ, ನನ್ನ ಕೈಗೆ ಒಂದು ಬಣ್ಣಬಣ್ಣದ ಹಾಳೆ ಕೊಟ್ಟರು. ಯಾವುದೋ ಇಂಟರ್‌ನೆಟ್ ಕಂಪನಿಯದು. ಲೈನ್‌ಮನೆಗಳಿಗೆ, ಅಂದರೆ ನಮ್ಮ ಕೆಲಸದವರು ಸಾಲಾಗಿ ವಾಸ ಮಾಡುವ ಮನೆಗಳಿಗೆ, ಪುಕ್ಕಟೆ ವೈಫೈ ಹಾಕಿಕೊಡುತ್ತಾರಂತೆ. ಕಂಬ ಅವರದು, ಡಬ್ಬ ಅವರದು, ಕರೆಂಟು ಮಾತ್ರ ನಮ್ಮದು.

"ನೋಡಿ ರೈಟ್ರೇ," ಅಂದರು, "ನಂಗೇನೋ ಒಳ್ಳೇದೇ ಅನ್ನಿಸ್ತದೆ. ಆದ್ರೆ ಮಗಳು ಫೋನ್ ಮಾಡಿ, ನೆಟ್ ನ್ಯೂಟ್ರಾಲಿಟಿ ಅಂತ ಒಂದಿದೆ, ಇದು ಅದಕ್ಕೆ ವಿರುದ್ಧ, ಸೈನ್ ಹಾಕ್ಬೇಡಿ ಅಂತಾಳೆ. ಇಳಿಜಾರಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಡೋದು ಅಪಾಯ ಅಂತ ನಂಗೆ ಗೊತ್ತು. ಇದ್ಯಾವ ನ್ಯೂಟ್ರಲ್ಲು? ಸ್ವಲ್ಪ ವಿಚಾರಿಸಿ. ಬರೋ ತಿಂಗಳ ಮೊದಲ ಭಾನುವಾರ ಕಂಪನಿಯವನು ಬರ್ತಾನೆ. ನೀವು ಹೂಂ ಅಂದ್ರೆ ಸೈನ್ ಹಾಕ್ತೇನೆ. ಊಹೂಂ ಅಂದ್ರೆ ಕಾಫಿ ಕೊಟ್ಟು ಕಳಿಸ್ತೇನೆ."

ಹೇಳಿದವರೇ ಹೊರಟುಬಿಟ್ಟರು. ನಾನು ಆ ಹಾಳೆ ಹಿಡಿದು ನಿಂತೆ. ನನಗೆ ಮುಂಚಿನಿಂದಲೂ ಒಂದು ಕಾಯಿಲೆ ಇದೆ. ಯಾರಾದರೂ ಇದೇನು ಅಂತ ಕೇಳಿಬಿಟ್ಟರೆ ಮುಗಿಯಿತು, ಅದನ್ನು ಕೆದಕಿ ಕೆದಕಿ ಬುಡ ಕಾಣುವ ತನಕ ಅನ್ನ ಸೇರುವುದಿಲ್ಲ. ಹೆಂಡತಿ ಇದನ್ನು ಮೂಗು ತೂರಿಸುವ ಕಾಯಿಲೆ ಅನ್ನುತ್ತಾಳೆ. ಇರಲಿ.

ಮೊದಲು ಆ ಪದವನ್ನೇ ಹಿಡಿದುಕೊಂಡೆ. ಸಾಹುಕಾರರಿಗೆ ನ್ಯೂಟ್ರಲ್ ಅಂದರೆ ಗೇರು. ನಮ್ಮಲ್ಲಿಗೆ ಬರುವ ಕರೆಂಟಿನ ಲೈನ್‌ಮ್ಯಾನ್‌ಗೆ ನ್ಯೂಟ್ರಲ್ ಅಂದರೆ ಕಂಬದ ಮೇಲಿನ ಒಂದು ತಂತಿ. ಕನ್ನಡದಲ್ಲಿ ಇದಕ್ಕೆ ತಟಸ್ಥತೆ ಅನ್ನುತ್ತಾರೆ ಅಂತ ಒಂದು ಕಡೆ ಓದಿ ನನಗೆ ಇನ್ನಷ್ಟು ತಲೆ ಕೆಟ್ಟಿತು. ತಟದಲ್ಲಿ ನಿಂತವನು ತಟಸ್ಥ, ಅಂದರೆ ದಡದ ಮೇಲೆ ಕೈಕಟ್ಟಿ ನಿಂತವನು. ನಮ್ಮ ಕಡೆ ಯಾರನ್ನಾದರೂ ತಟಸ್ಥ ಅಂದರೆ ಅದು ಅರ್ಧ ಬೈಗುಳವೇ. ಜಗಳದಲ್ಲಿ ಎರಡೂ ಕಡೆ ಊಟ ಮಾಡಿ ಜಾರಿಕೊಳ್ಳುವ ಆಸಾಮಿ ಅಂತ ಅರ್ಥ. ಅಂಥ ಪದವನ್ನು ಒಳ್ಳೆಯ ವಿಚಾರಕ್ಕೆ ಯಾಕೆ ಇಟ್ಟರು ಅಂತಲೇ ಒಂದು ಮಧ್ಯಾಹ್ನ ಕಳೆದೆ. ಕೊನೆಗೆ ಅರ್ಥ ಸಿಕ್ಕಿತು, ಬಹಳ ಸರಳ. ನೆಟ್ ಕೊಡುವ ಕಂಪನಿ ಅದರ ಮೇಲೆ ಏನು ಹರಿಯುತ್ತದೆ ಎಂಬುದರಲ್ಲಿ ಭೇದ ಮಾಡಬಾರದು. ಇದನ್ನು ಬೇಗ ಬಿಡು, ಅದನ್ನು ತಡೆ, ಇದು ಪುಕ್ಕಟೆ, ಅದಕ್ಕೆ ದುಡ್ಡು, ಹಾಗೆಲ್ಲ ಮಾಡುವ ಹಾಗಿಲ್ಲ. ರಸ್ತೆ ಹಾಕಿದವನು ಯಾವ ಜೀಪು ಓಡಬೇಕು ಅಂತ ಹೇಳಬಾರದಲ್ಲ, ಹಾಗೆ.

ಆಮೇಲೆ ಆ ಬಣ್ಣದ ಹಾಳೆಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಪುಕ್ಕಟೆ ಅನ್ನುವ ಅಕ್ಷರ ತೆಂಗಿನಕಾಯಿಯಷ್ಟು ದೊಡ್ಡದು. ಕೆಳಗೆ ಇರುವೆ ಸಾಲಿನ ಹಾಗೆ ಒಂದು ವಾಕ್ಯ: ಆಯ್ದ ಸೇವೆಗಳು ಮಾತ್ರ. ಯಾವುವು ಅಂದರೆ ಮೆಸೇಜು ಕಳಿಸುವ ಆಪ್ ಒಂದು, ವಿಡಿಯೋ ನೋಡುವುದೊಂದು, ಸಾಮಾನು ಕೊಳ್ಳುವುದೊಂದು, ಇನ್ನು ಕಂಪನಿಯ ಸ್ವಂತದ್ದು ಯಾವುದೋ. ಅಷ್ಟೇ. ಉಳಿದ ಯಾವುದೂ ತೆರೆಯುವುದಿಲ್ಲ.

ನನಗೆ ತಕ್ಷಣ ನೆನಪಾದದ್ದು ಮೇಸ್ತ್ರಿ ಅಕ್ಕ.

ಮೇಸ್ತ್ರಿ ಅಕ್ಕ ನಮ್ಮ ಹೆಂಗಸರ ಪಿಕಿಂಗ್ ಗುಂಪಿನ ಮುಂದಾಳು. ತಮಿಳು ಮನೆಮಾತು, ಕನ್ನಡ ಬೀದಿಮಾತು, ಸಿಟ್ಟು ಬಂದರೆ ಮಲಯಾಳವನ್ನೂ ಸೇರಿಸುತ್ತಾರೆ. ಗುಂಪು ತೋಟಕ್ಕೆ ನಡೆಯುವಾಗ ಅವರೇ ಮುಂದೆ. ನಮ್ಮ ಕಡೆ ಮುಂದೆ ನಡೆಯುವುದೆಂದರೆ ಸುಮ್ಮನೆ ಮಾತಲ್ಲ, ಯಾಕೆಂದರೆ ತೋಟದೊಳಗೆ ಆನೆ ಇರುತ್ತದೆ. ಕಾಡಿನಿಂದ ಬಂದು ಹೋಗುವುದು ಬೇರೆ, ಕೆಲವು ಇಲ್ಲೇ ಕಾಫಿ ಗಿಡಗಳ ನಡುವೆ ಬಿಡಾರ ಹೂಡಿವೆ. ಬೆಳಗಿನ ಮಂಜಿನಲ್ಲಿ ಹತ್ತು ಮಾರು ದೂರದ ಬಂಡೆ ಯಾವುದು, ಆನೆ ಯಾವುದು ಅಂತ ತಿಳಿಯುವುದಿಲ್ಲ.

ಈ ವೈಫೈ ಮಾತು ಬರುವ ಹಿಂದಿನ ವರ್ಷ ಆದದ್ದು ಇದು. ಊರಿನ ಮೆಸೇಜ್ ಗುಂಪಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಒಂದು ಫೋಟೋ ಬಂತು. ಹೊಳೆ ಪಕ್ಕದ ದಾರಿಯಲ್ಲಿ ಆನೆ ನಿಂತಿದೆ, ಹುಷಾರ್ ಅಂತ. ಅಕ್ಕ ಅದನ್ನು ನಂಬಿ ಗುಂಪನ್ನು ಮೇಲಿನ ದಾರಿಯಲ್ಲಿ ಕರೆದುಕೊಂಡು ಹೋದರು. ಆನೆ ಇದ್ದದ್ದು ಮೇಲಿನ ದಾರಿಯಲ್ಲಿ. ಫೋಟೋ ಯಾವ ಕಾಲದ್ದೋ, ಯಾವ ಊರಿನದ್ದೋ, ಒಬ್ಬ ಇನ್ನೊಬ್ಬನಿಗೆ ಕಳಿಸಿ, ಅವನು ಮತ್ತೊಬ್ಬನಿಗೆ ಕಳಿಸಿದ್ದು. ದೇವರು ದೊಡ್ಡವನು, ಯಾರೂ ಸಾಯಲಿಲ್ಲ. ಎಲ್ಲರನ್ನೂ ಮುಂದೆ ಓಡಿಸಿ ಕೊನೆಗೆ ಓಡಿದ ಅಕ್ಕ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡರು. ಈಗಲೂ ಎಡಗಾಲು ಎಳೆದು ನಡೆಯುತ್ತಾರೆ. ಆನೆ ಅಟ್ಟಿದರೆ ಇನ್ನೊಂದು ಸಲ ಓಡುವ ಕಾಲಲ್ಲ ಅದು.

ಆ ಘಟನೆಯ ಮೇಲೆ ಇಲ್ಲಿನ ನಾಲ್ಕಾರು ಜನ ಸೇರಿ ಆನೆಗೆಂದೇ ಒಂದು ವೆಬ್ ಪೇಜ್ ಮಾಡಿದರು. ನೋಡಲು ಏನೂ ಚಂದವಿಲ್ಲ, ಬಿಳಿ ಹಾಳೆಯ ಮೇಲೆ ಕರಿ ಅಕ್ಷರ. ಆದರೆ ಕಟ್ಟುನಿಟ್ಟು ಅಂದರೆ ಕಟ್ಟುನಿಟ್ಟು. ಕೇಳಿದ್ದನ್ನು ಹಾಕುವ ಹಾಗಿಲ್ಲ, ಕಣ್ಣಾರೆ ಕಂಡದ್ದನ್ನೇ ಹಾಕಬೇಕು. ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಕಂಡದ್ದು ಅಂತ ಬರೆಯಬೇಕು. ಫೋನ್ ಮಾಡಿದರೆ ಎತ್ತಬೇಕು. ಅಕ್ಕ ಬೆಳಿಗ್ಗೆ ಆ ಪೇಜ್ ನೋಡದೆ ಹೆಜ್ಜೆ ಎತ್ತುವುದಿಲ್ಲ. ಯಾರಾದರೂ ಬಾಯಿಮಾತಿಗೆ ಆನೆ ಬಂದಿದೆ ಅಂದರೆ ಮೊದಲು ಕೇಳುವ ಪ್ರಶ್ನೆ, "ಕಂಡೋರು ಯಾರು?" ಈ ಪ್ರಶ್ನೆ ಈಗ ನಮ್ಮ ತೋಟದಲ್ಲೆಲ್ಲ ಹರಡಿದೆ. ಊಟದಲ್ಲಿ ಉಪ್ಪು ಜಾಸ್ತಿ ಅಂದರೂ ಕಂಡೋರು ಯಾರು ಅನ್ನುತ್ತಾರೆ.

ಈಗ ವಿಷಯ ನೋಡಿ. ಈ ಪುಕ್ಕಟೆ ವೈಫೈಯಲ್ಲಿ ಸುಳ್ಳು ಫೋಟೋ ಬರುವ ಮೆಸೇಜ್ ಗುಂಪು ತೆರೆಯುತ್ತದೆ. ಆನೆಯ ಪೇಜ್ ತೆರೆಯುವುದಿಲ್ಲ. ಪುಕ್ಕಟೆ ಸಿಕ್ಕ ಮೇಲೆ ದುಡ್ಡು ಕೊಟ್ಟು ರೀಚಾರ್ಜ್ ಮಾಡಿಸುವವರು ಯಾರು? ಇಷ್ಟು ತಿಳಿದ ಮೇಲೂ ಊಹೂಂ ಅನ್ನಲು ನನಗೆ ಬಾಯಿ ಬರಲಿಲ್ಲ. ಯಾಕೆಂದರೆ ಅಕ್ಕನೇ ನನ್ನ ಹತ್ತಿರ ಬಂದು ಹೇಳಿದರು, "ಸಾರ್, ನಂಗೆ ಫ್ರೀ ನೆಟ್ ಬೇಕು. ದೂರ ಇರೋ ತಂಗಿ ಹತ್ರ ಮುಖ ನೋಡಿ ಮಾತಾಡಿ ಎಷ್ಟ್ ದಿನ ಆಯ್ತು. ರೀಚಾರ್ಜ್ ಮುಗ್ದ್ರೆ ಫೋನು ಇಟ್ಟಿಗೆ ಥರ. ನೀವು ಬೇಡ ಅಂದ್ಬಿಡ್ಬೇಡಿ."

"ಆನೆ ಪೇಜ್ ಬರಲ್ವಂತೆ ಅಕ್ಕ."

"ಅದೂ ಬೇಕು."

"ಎರಡೂ ಬೇಕು ಅಂದ್ರೆ?"

"ಎರಡೂ ಬೇಕು ಅಂದ್ರೆ ಎರಡೂ ಬೇಕು. ಓದಿದೋರು ನೀವು, ಏನಾದ್ರೂ ಮಾಡಿ."

ಓದಿದೋರು ಅಂತೆ. ಸರಿ, ಓದಲು ಕೂತೆ. ನಮ್ಮ ಆಫೀಸಿನ ಕಂಪ್ಯೂಟರಿಗೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಾತ್ರ ನೆಟ್ ಸರಿಯಾಗಿ ಸಿಗುತ್ತದೆ. ದಿನಾ ಬುತ್ತಿ ಬಿಚ್ಚಿಟ್ಟುಕೊಂಡು ಒಂದು ಕೈಯಲ್ಲಿ ಅನ್ನ, ಒಂದು ಕೈಯಲ್ಲಿ ಮೌಸು. ಅಬ್ಬಬ್ಬಾ, ಎಷ್ಟೊಂದು ಬರೆದಿದ್ದಾರೆ! ಓದುತ್ತಾ ಓದುತ್ತಾ ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಒಬ್ಬರು ಪುಕ್ಕಟೆ ನೆಟ್ ಬಂದರೆ ಬಡವರ ಮಕ್ಕಳು ಉದ್ಧಾರ ಅಂತಾರೆ. ಇನ್ನೊಬ್ಬರು ಬಡವರ ಕುತ್ತಿಗೆಗೆ ಹಗ್ಗ ಅಂತಾರೆ. ಇಬ್ಬರದೂ ಓದುವಾಗ ಸರಿಯೇ ಅನ್ನಿಸುತ್ತದೆ. ಊಟ ಮುಗಿದು ಕೈ ತೊಳೆಯುವಾಗ ಇಬ್ಬರ ಮೇಲೂ ಅನುಮಾನ ಶುರು.

ಬರಬರುತ್ತಾ ನನಗೆ ಕೆಲವು ಉಪಾಯ ಹೊಳೆದವು. ಪುಕ್ಕಟೆ ನೆಟ್ಟನ್ನು ಹಾಡಿ ಹೊಗಳಿದ ಒಂದು ಉದ್ದನೆಯ ಲೇಖನವಿತ್ತು, ತಜ್ಞರು ಬರೆದದ್ದು. ತಜ್ಞರು ಯಾರಪ್ಪಾ ಅಂತ ಕೆಳಗಿನ ತನಕ ಇಳಿದು ನೋಡಿದರೆ, ಅದು ಇಂಥದ್ದೇ ಒಂದು ಕಂಪನಿ ಹಣ ಕೊಟ್ಟು ಹಾಕಿಸಿದ ಬರಹ ಅಂತ ಬೂದು ಅಕ್ಷರದಲ್ಲಿ ಇತ್ತು. ಬಿಳಿ ಗೋಡೆ ಮೇಲೆ ಸುಣ್ಣದಲ್ಲಿ ಬರೆದ ಹಾಗೆ. ಅಂದಿನಿಂದ ನಾನು ಯಾವುದನ್ನೇ ಆಗಲಿ ಕೆಳಗಿನಿಂದ ಮೇಲಕ್ಕೆ ಓದಲು ಶುರು ಮಾಡಿದೆ. ವಿರೋಧಿಸುವವರ ಕಡೆಯೂ ಹಾಲು ತುಪ್ಪವೇನಲ್ಲ. ಒಂದು ಕಡೆ ಪ್ರತಿ ಸಾಲಿಗೂ ಉದ್ಗಾರ ಚಿಹ್ನೆ, ತಾರೀಕು ಮಾತ್ರ ಎಲ್ಲೂ ಇಲ್ಲ. ಇನ್ನೊಂದು ಕಡೆ ಎರಡು ವೆಬ್‌ಸೈಟಿನಲ್ಲಿ ಒಂದೇ ಕಾಗುಣಿತದ ತಪ್ಪು ಇತ್ತು. ತಪ್ಪೂ ಒಂದೇ ಇದ್ದರೆ ಇಬ್ಬರು ಯೋಚಿಸಿ ಬರೆದದ್ದಲ್ಲ, ಒಬ್ಬ ಬರೆದದ್ದನ್ನು ಇನ್ನೊಬ್ಬ ಎತ್ತಿದ್ದು. ಇದನ್ನು ಕಂಡುಹಿಡಿದ ದಿನ ನಾನು ಪತ್ತೇದಾರನೇ ಆಗಿಬಿಟ್ಟೆ ಅಂತ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಆ ಉಬ್ಬಿದ ಎದೆಯಲ್ಲೇ ಒಂದು ಕನ್ನಡ ಪತ್ರಿಕೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ನೆಟ್ ಪರವಾದ ಲೇಖನದ ಕೆಳಗೆ ನಾನೂ ನಾಲ್ಕು ಸಾಲು ಹಾಕಿದೆ. ಸಿಟ್ಟು ಬಂದಿತ್ತು. ಹಳ್ಳಿಯವರಿಗೆ ಇಷ್ಟು ಸಾಕು ಅಂತ ಅದರಲ್ಲಿ ಬರೆದಿದ್ದರು. ಸಾಕೋ ಬೇಕೋ ಹೇಳಲು ಇವನು ಯಾರ್ರೀ? ಹೆಸರು ಹಾಕದಿದ್ದರೂ ನಡೆಯುತ್ತದೆ ಅಂತಿತ್ತು, ಬಿಟ್ಟೆ. ವೃತ್ತಿ ಅಂತ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ರೈಟರ್ ಅಂತ ಕುಟ್ಟಿದೆ. ಊರು ಅಂದಿದ್ದಕ್ಕೆ ಸಿದ್ದಾಪುರ, ಕೊಡಗು. ಕಳಿಸಿ, ಕೈ ತೊಳೆದು, ತೋಟಕ್ಕೆ ಹೋದೆ. ಆಮೇಲೆ ಮರೆತೇಬಿಟ್ಟೆ.

ಭಾನುವಾರ ಹತ್ತಿರ ಬರುತ್ತಿತ್ತು. ಸಾಹುಕಾರರ ಮುಂದೆ ಇಡಲು ನನ್ನ ಹತ್ತಿರ ಗಟ್ಟಿಯಾದದ್ದು ಏನೂ ಇರಲಿಲ್ಲ. ಇಂಥ ಕಡೆ ಇಂಥ ಪುಕ್ಕಟೆ ನೆಟ್ ಹಾಕಿ ಏನಾಯಿತು ಅಂತ ನೋಡಿದವರ ಮಾತು ಬೇಕಿತ್ತು. ಹುಡುಕುತ್ತಾ ಇದ್ದಾಗ ಒಂದು ಮಧ್ಯಾಹ್ನ ಸಿಕ್ಕೇಬಿಟ್ಟಿತು ಮಾರಾಯ್ರೇ! ಒಂದು ಬ್ಲಾಗಿನಲ್ಲಿ ಹೀಗೆ ಬರೆದಿತ್ತು: ಆಯ್ದ ಸೇವೆಗಳ ಉಚಿತ ಜಾಲ ಬಂದ ಕಡೆಯೆಲ್ಲ ಊರಿನ ಸಣ್ಣಪುಟ್ಟ ಪುಟಗಳು ನಿಂತಲ್ಲೇ ಒಣಗುತ್ತವೆ ಎಂದು ಕೊಡಗಿನ ಹಿರಿಯ ಲೇಖಕರೊಬ್ಬರು ಗುರುತಿಸಿದ್ದಾರೆ. ನನಗೆ ರೋಮಾಂಚನ ಆಯಿತು. ನಮ್ಮ ಕೊಡಗಿನವರೇ! ಇನ್ನೂ ಹುಡುಕಿದೆ. ಇನ್ನೊಂದು ಕಡೆ ಅದೇ ಮಾತು, ಕೊಡಗಿನ ತೋಟಗಳಲ್ಲಿ ಅಧ್ಯಯನ ನಡೆಸಿದ ಲೇಖಕರ ಪ್ರಕಾರ ಅಂತ. ಮೂರನೆಯ ಕಡೆ ಇನ್ನೂ ಮೇಲೆ ಹೋಗಿ, ಸಂಶೋಧಕರ ಪ್ರಕಾರ ಅಂತ. ಮೂರು ಕಡೆ ಒಂದೇ ಮಾತು ಅಂದಮೇಲೆ ಇನ್ನೇನು ಬೇಕು? ಮೂರನ್ನೂ ಪ್ರಿಂಟ್ ತೆಗೆದು ಜೇಬಿಗೆ ಹಾಕಿಕೊಂಡೆ.

ಸಂಜೆ ಹಣ್ಣು ತೂಕದ ಹೊತ್ತಿಗೆ ಅಕ್ಕನಿಗೆ ತೋರಿಸಿದೆ. "ನೋಡಿ ಅಕ್ಕ, ಸಂಶೋಧನೆಯೇ ಆಗಿದೆ. ನಮ್ಮ ಕೊಡಗಿನ ತೋಟದಲ್ಲೇ. ಫ್ರೀ ನೆಟ್ ಬಂದ್ರೆ ಆನೆ ಪೇಜ್‌ನಂಥದ್ದೆಲ್ಲ ಸತ್ತೇ ಹೋಗ್ತವಂತೆ."

ಅಕ್ಕ ಚೀಲ ಇಳಿಸಿ ಸೊಂಟ ನೆಟ್ಟಗೆ ಮಾಡಿಕೊಂಡು ಕೇಳಿದರು, "ಕಂಡೋರು ಯಾರು ಸಾರ್?"

"ದೊಡ್ಡ ಲೇಖಕರು ಅಕ್ಕ."

"ಯಾವ ತೋಟದಲ್ಲಿ ಕಂಡಿದ್ದಂತೆ?"

ನಾನು ಮೂರೂ ಹಾಳೆ ತಿರುವಿ ಹಾಕಿದೆ. ತೋಟದ ಹೆಸರಿಲ್ಲ. ಲೇಖಕರ ಹೆಸರೂ ಇಲ್ಲ. "ಅದೆಲ್ಲ ಗುಟ್ಟಾಗಿ ಇಡ್ತಾರೆ," ಅಂತ ಏನೋ ಒಂದು ಒದರಿ ತಕ್ಕಡಿ ಕಡೆ ತಿರುಗಿದೆ. ಆದರೆ ಆ ಪ್ರಶ್ನೆ ಕಾಲಿಗೆ ಹತ್ತಿದ ಜಿಗಣೆಯ ಹಾಗೆ ನನ್ನ ಜೊತೆಗೇ ಮನೆಗೆ ಬಂತು.

ಮನೆಯಲ್ಲಿ ಹೆಂಡತಿ ಕಾಫಿ ಕೊಟ್ಟಳು. ಅವಳಿಗೆ ಮೊದಲ ಹಾಳೆಯನ್ನು ಗಟ್ಟಿಯಾಗಿ ಓದಿ ಹೇಳಿದೆ. ಲೇಖಕರು ಎಷ್ಟು ಚೆನ್ನಾಗಿ ಬರೆದಿದ್ದಾರೆ ಕೇಳು ಅಂತ ಬೇರೆ ಹೇಳಿದೆ, ನನ್ನ ಮರ್ಯಾದೆಗೆ. "ಬೋರರ್ ಬಿದ್ದ ಕಾಫಿ ಗಿಡದ ಹಾಗೆ, ಹೊರಗಿನಿಂದ ಹಸಿರು, ಒಳಗಿನಿಂದ ಟೊಳ್ಳು," ಅನ್ನುವ ಸಾಲಿಗೆ ಬಂದೆ. ಬೋರರ್ ಅಂದರೆ ಕಾಫಿ ಗಿಡದ ಕಾಂಡ ಕೊರೆಯುವ ಹುಳು. ಹೆಂಡತಿ ಲೋಟ ಕೆಳಗಿಟ್ಟಳು.

"ರೀ, ಇದು ನಿಮ್ಮ ಮಾತೇ ಅಲ್ವಾ?"

"ಯಾವುದೇ?"

"ಇದೇ ಬೋರರ್ರು. ನಮ್ಮಣ್ಣ ಸೈಟ್ ತಗೊಂಡಾಗ್ಲೂ ಬೋರರ್ ಬಿದ್ದ ಗಿಡದ ಹಾಗೆ ಅಂದ್ರಿ. ಎದುರುಮನೆ ಮದುವೆಗೂ ಅದೇ ಅಂದ್ರಿ. ಲೋಕದಲ್ಲಿ ಇನ್ಯಾರು ಬಾಯಿ ತೆಗೆದ್ರೆ ಬೋರರ್ ಅಂತಾರೆ?"

ನಾನು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದೆ. ತಟಸ್ತತೆ ಅಂತ ಬರೆದಿತ್ತು. ಥಕಾರಕ್ಕೆ ತಕಾರ. ಎರಡನೆಯ ಹಾಳೆಯಲ್ಲೂ ತಕಾರ, ಮೂರನೆಯದರಲ್ಲೂ ತಕಾರ. ಆಫೀಸಿನ ಕಂಪ್ಯೂಟರಿನಲ್ಲಿ ಥ ಒತ್ತಿದರೆ ಬರುವುದಿಲ್ಲ, ಆ ಕೀಲಿ ಹೋಗಿ ವರ್ಷಗಳೇ ಆಗಿವೆ. ನಾನು ಸಿಟ್ಟಿನಲ್ಲಿ ಕುಟ್ಟಿದ ನಾಲ್ಕು ಸಾಲು! ವೃತ್ತಿ ರೈಟರ್ ಅಂತ ನೋಡಿ ಯಾರೋ ಪುಣ್ಯಾತ್ಮರು ಅದನ್ನು ಲೇಖಕ ಅಂತ ಕನ್ನಡ ಮಾಡಿದ್ದಾರೆ. ಇನ್ನೊಬ್ಬರು ಅಧ್ಯಯನ ಸೇರಿಸಿದ್ದಾರೆ. ಮೂರನೆಯವರು ಪದವಿಯನ್ನೂ ಕೊಟ್ಟಿದ್ದಾರೆ. ಕೊಡಗಿನ ಹಿರಿಯ ಲೇಖಕ, ತೋಟದ ಸಂಶೋಧಕ, ಬೇರೆ ಯಾರೂ ಅಲ್ಲ, ಥಕಾರ ಬಾರದ ಈ ಹಾಜರಿ ಹಾಕುವ ಆಸಾಮಿ.

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಲೇಖಕರೇ, ಇನ್ನೊಂದು ಲೋಟ ಕಾಫಿ ಕೊಡ್ಲಾ?" ಅಂದಳು. ನನಗೆ ನಗು ಬರಲಿಲ್ಲ. ನಾಚಿಕೆ ಆಯಿತು, ಸಿಟ್ಟೂ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಭಯ ಆಯಿತು. ಹೊಳೆ ದಾರಿಯ ಆ ಆನೆ ಫೋಟೋ ಹೀಗೇ ತಾನೇ ಊರೂರು ಸುತ್ತಿ ಬಂದದ್ದು? ಅದನ್ನು ಕಳಿಸಿದವರೆಲ್ಲ ಕೆಟ್ಟವರೇನಲ್ಲ, ನನ್ನ ಹಾಗೆ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದವರು. ಯಾವ ತೋಟದಲ್ಲೂ ಯಾವ ಪುಟ ಒಣಗಿದ್ದನ್ನೂ ನಾನು ಕಂಡಿರಲಿಲ್ಲ. ಊಹೆ ಮಾಡಿ ಬರೆದಿದ್ದೆ. ಅದು ಮೂರು ಮನೆ ತಿರುಗಿ ಶಾಲು ಹೊದ್ದುಕೊಂಡು ವಾಪಸ್ ಬಂದಾಗ ನಾನೇ ಎದ್ದು ನಿಂತು ಕೈಮುಗಿದಿದ್ದೆ.

ಮರುದಿನ ಆ ಬ್ಲಾಗಿನವರಿಗೆ ಮೇಲ್ ಮಾಡಿದೆ. ನಾನು ಲೇಖಕನಲ್ಲ, ಎಸ್ಟೇಟ್ ರೈಟರ್, ಅಧ್ಯಯನ ಗಿಧ್ಯಯನ ಏನೂ ಮಾಡಿಲ್ಲ, ದಯವಿಟ್ಟು ತೆಗೆದುಹಾಕಿ ಅಂತ. ಉತ್ತರ ಬಂತು: ತಮ್ಮ ವಿನಯ ದೊಡ್ಡದು, ಇಂಥ ಲೇಖಕರು ಈಗ ಅಪರೂಪ. ಇದಕ್ಕೆ ಏನನ್ನಬೇಕು ಹೇಳಿ! ಮತ್ತೆ ಬರೆದೆ, ಈ ಸಲ ರೈಟರ್ ಕೆಲಸ ಏನೆಂದು ಹಾಜರಿಯಿಂದ ತೂಕದ ತನಕ ವಿವರಿಸಿ. ಅದಕ್ಕೆ ಉತ್ತರವೇ ಬರಲಿಲ್ಲ, ಆದರೆ ಒಂದು ವಾರದ ನಂತರ ಆ ಸಾಲು ಅಲ್ಲಿಂದ ಮಾಯವಾಗಿತ್ತು. ಉಳಿದ ಇಬ್ಬರು ನನ್ನನ್ನು ಇನ್ನೂ ಸಂಶೋಧಕನಾಗಿಯೇ ಇಟ್ಟುಕೊಂಡಿದ್ದಾರೆ.

ಎರಡನೆಯ ಮೇಲ್ ಕಳಿಸಿದ ದಿನವೇ ನಾನು ಲೇಖನಗಳ ಸಹವಾಸ ಬಿಟ್ಟು, ಎಲ್ಲರೂ ಯಾವುದರ ಬಗ್ಗೆ ಜಗಳ ಆಡುತ್ತಿದ್ದರೋ ಆ ನೆಟ್ ದರದ ಸರ್ಕಾರಿ ಆದೇಶವನ್ನೇ ಹುಡುಕಿದೆ. ಅದು ಸಿಗುವುದು ಕಷ್ಟವೇನಲ್ಲ, ಓದುವುದು ಕಷ್ಟ. ಗಂಟಲಲ್ಲಿ ಇಳಿಯದ ಇಂಗ್ಲಿಷು. ಯಾವ ಸಾಲಿನಲ್ಲೂ ಉದ್ಗಾರ ಚಿಹ್ನೆ ಇಲ್ಲ, ಯಾರ ಉದ್ಧಾರವೂ ಇಲ್ಲ, ಯಾರ ಕುತ್ತಿಗೆಗೂ ಹಗ್ಗ ಇಲ್ಲ. ನನಗೆ ತಿಳಿದ ಮಟ್ಟಿಗೆ, ನೋಡುವ ವಿಷಯ ಯಾವುದು ಅನ್ನುವುದರ ಮೇಲೆ ನೆಟ್ಟಿನ ದರ ಬೇರೆ ಮಾಡಬಾರದು ಅಂತ ಇತ್ತು. ಒಂದು ಸಂಸ್ಥೆಯ ಒಳಗಿನ ಮುಚ್ಚಿದ ಜಾಲಕ್ಕೆ ಸಡಿಲಿಕೆ ಇತ್ತು, ಆದರೆ ಅದನ್ನು ತಪ್ಪಿಸಿಕೊಳ್ಳುವ ಕಳ್ಳದಾರಿ ಮಾಡಿಕೊಳ್ಳಬಾರದು ಅಂತಲೂ ಇತ್ತು. ನಮ್ಮ ಲೈನ್‌ಮನೆ ಜಾಲ ಮುಚ್ಚಿದ್ದೋ ತೆರೆದದ್ದೋ? ನನಗೆ ಗೊತ್ತಾಗಲಿಲ್ಲ. ನಾನು ವಕೀಲನಲ್ಲ. ಗೊತ್ತಾಗಲಿಲ್ಲ ಅಂತ ಒಪ್ಪಿಕೊಂಡಾಗ ಒಂಥರಾ ಹಗುರವಾಯಿತು. ಉಳಿದದ್ದು ಒಂದೇ ದಾರಿ, ಕಣ್ಣಾರೆ ನೋಡುವುದು.

ಭಾನುವಾರ ಬೆಳಿಗ್ಗೆ ಕಂಪನಿಯವನು ಬಂದ. ಒಳ್ಳೆಯ ಮನುಷ್ಯ, ನಗುಮುಖ, ಸುಂಟಿಕೊಪ್ಪದ ಹತ್ತಿರವೂ ಒಂದು ತೋಟಕ್ಕೆ ಹಾಕಿಕೊಟ್ಟಿದ್ದಾನಂತೆ. ಸಾಹುಕಾರರು ಜಗಲಿಯಲ್ಲಿ ಕೂತು, "ಏನ್ರೀ ರೈಟರ್, ಹೂಂ ಅನ್ಲೋ, ಊಹೂಂ ಅನ್ಲೋ?" ಅಂದರು.

"ಓದಿದ್ದರಿಂದ ಏನೂ ಹೇಳಕ್ಕಾಗಲ್ಲ ಸಾರ್," ಅಂದೆ. "ಅರ್ಧ ಕಂಪನಿಯವರು ಬರೆಸಿದ್ದು. ಇನ್ನರ್ಧ ಬರೆದೋನು ನಾನೇ. ಡಬ್ಬ ತಂದಿದ್ದಾರಲ್ಲ, ಲೈನ್ ಮುಂದೆ ಇಟ್ಟು ನೋಡೋಣ."

ಸಾಹುಕಾರರು ಎದ್ದು ಚಪ್ಪಲಿ ಮೆಟ್ಟಿದರು. ಎಲ್ಲರೂ ಲೈನ್‌ಮನೆಗಳ ಅಂಗಳಕ್ಕೆ ನಡೆದೆವು. ರಜದ ದಿನ, ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಕೈ ಒರೆಸಿಕೊಂಡು ಬಂದರು. ಡಬ್ಬದಲ್ಲಿ ಹಸಿರು ದೀಪ ಹತ್ತಿತು. ಅಕ್ಕನ ಫೋನಿಗೆ ಜಾಲ ಸೇರಿಸಿಕೊಟ್ಟರು. ತಂಗಿಗೆ ಮೆಸೇಜ್ ಆಪಿನಲ್ಲಿ ಕರೆ ಮಾಡಿದ್ದೇ ತಡ, ತಂಗಿಯ ಮುಖ ಬಂತು, ಕನ್ನಡಿಯಷ್ಟು ಚೊಕ್ಕವಾಗಿ. ಅಕ್ಕನ ಕಣ್ಣು ತುಂಬಿ ಬಂತು. ಹೆಂಗಸರೆಲ್ಲ ಇಣುಕಿ ನೋಡಿ ಚಪ್ಪಾಳೆ ಹೊಡೆದರು. ಒಬ್ಬಳು ನನಗೆ ಕೇಳುವ ಹಾಗೆಯೇ, "ಈ ರೈಟ್ರಿಗೆ ಏನು ಹೊಟ್ಟೆಕಿಚ್ಚೋ, ಬರೋ ಫ್ರೀಗೆ ಅಡ್ಡಗಾಲು," ಅಂದಳು. ಈ ಖುಷಿಯನ್ನು ಕಿತ್ತುಕೊಳ್ಳುವ ಪಾಪ ಯಾಕೆ ನನಗೆ ಅನ್ನಿಸಿಬಿಟ್ಟಿತು.

ಆದರೂ ಕೇಳಿದೆ. "ಅಕ್ಕ, ಆನೆ ಪೇಜ್ ಒತ್ತಿ ನೋಡಿ."

ಒತ್ತಿದರು. ಸುತ್ತಿತು, ಸುತ್ತಿತು. ಆಮೇಲೆ ಈ ಪುಟ ನಿಮ್ಮ ಯೋಜನೆಯಲ್ಲಿ ಸೇರಿಲ್ಲ ಅಂತ ಬಂತು. ಕೆಳಗೆ, ಇದರ ಬದಲು ಇವನ್ನು ನೋಡಿ ಅಂತ ಯಾರೋ ಕುಣಿಯುವ ವಿಡಿಯೋಗಳು.

ಕಂಪನಿಯವನು ನಗುಮುಖ ಬಿಡದೆ, "ಅದೇನು ದೊಡ್ಡದಲ್ಲ ಸಾರ್. ಪೇಜಿನವರು ಒಂದು ಅರ್ಜಿ ಹಾಕಲಿ. ಮೇಲಿನವರು ನೋಡಿ ಪಟ್ಟಿಗೆ ಸೇರಿಸ್ತಾರೆ. ಸ್ವಲ್ಪ ದಿನ ಹಿಡೀತದೆ ಅಷ್ಟೇ," ಅಂದ.

ಅಷ್ಟು ದಿನ ತಡೆದುಕೊಂಡಿದ್ದ ನನ್ನ ಬಾಯಿ ಬಿಚ್ಚಿಕೊಂಡಿತು. "ಹಾಗಾದ್ರೆ ಆನೆಗೂ ಒಂದು ಅರ್ಜಿ ಹಾಕೋಕೆ ಹೇಳೋಣ್ವಾ ಸ್ವಾಮಿ? ಮೇಲಿನೋರು ನೋಡೋ ತನಕ ಕೆಳಗೆ ಬರಬೇಡಪ್ಪಾ ಅಂತ?"

ಯಾರೂ ನಗಲಿಲ್ಲ. ನಾನೂ ನಗಿಸಲು ಹೇಳಿದ್ದಲ್ಲ. ಹೊಟ್ಟೆಕಿಚ್ಚು ಅಂದವಳು ಅಕ್ಕನ ಎಡಗಾಲನ್ನೇ ನೋಡುತ್ತಿದ್ದಳು. ಅಕ್ಕ ಫೋನನ್ನು ಸೆರಗಿನಲ್ಲಿ ಒರೆಸಿ, "ಎರಡೂ ಬರೋದು ಇದ್ರೆ ಹಾಕ್ಲಿ ಸಾರ್. ಒಂದೇ ಅಂದ್ರೆ ನಂಗೆ ಬೇಡ," ಅಂದರು. ತಂಗಿಯ ಮುಖ ಅದರಲ್ಲಿ ಆಗಷ್ಟೇ ಬಂದು ಹೋಗಿತ್ತು, ಆ ಮಾತು ಎಷ್ಟು ಭಾರ ಅಂತ ನನಗೆ ಗೊತ್ತಿತ್ತು.

ಸಾಹುಕಾರರು ಕಂಪನಿಯವನನ್ನು ಪಕ್ಕಕ್ಕೆ ಕರೆದು, "ಎಲ್ಲಾ ಪೇಜೂ ತೆರೆಯೋ ಮಾಮೂಲಿ ಲೈನ್ ಇಲ್ವಾ ನಿಮ್ಮಲ್ಲಿ?" ಅಂದರು. ಇತ್ತು. ಪುಕ್ಕಟೆ ಅಲ್ಲ, ಸ್ಪೀಡೂ ಕಮ್ಮಿ. ಸಾಹುಕಾರರು ಮುಖ ಹುಳ್ಳಗೆ ಮಾಡಿಕೊಂಡರು, ಜೀಪಿನ ತನಕ ಹೋಗಿ ವಾಪಸ್ ಬಂದರು, ಕೊನೆಗೆ ಅದನ್ನೇ ಹಾಕಿ ಅಂದರು. ಮಗಳಿಗೆ ಫೋನ್ ಮಾಡಿ ಹೇಳಿದಾಗ, ನಮ್ಮ ರೈಟರ್ ನ್ಯೂಟ್ರಲ್ ತೆಗೆದು ಫಸ್ಟ್ ಗೇರ್ ಹಾಕ್ಸಿದ್ರು ಅಂದರಂತೆ. ಅವರಿಗೆ ಅದು ಇನ್ನೂ ಗೇರಿನ ವಿಷಯವೇ. ಸಂಜೆಯಾದರೆ ವಿಡಿಯೋ ಸಿಕ್ಕಿಕೊಂಡು ನಿಲ್ಲುತ್ತದೆ, ಲೈನಿನವರು ನನ್ನನ್ನು ಬೈಯುತ್ತಾರೆ. ಬೈಸಿಕೊಳ್ಳುತ್ತೇನೆ. ಅಕ್ಕನ ತಂಗಿಯ ಮುಖ ಕನ್ನಡಿಯಷ್ಟು ಚೊಕ್ಕವಾಗಿ ಬರುವುದಿಲ್ಲ, ಆದರೆ ಬರುತ್ತದೆ.

ಇದೆಲ್ಲ ಮುಗಿದು ಕೆಲವು ದಿನ ಆಗಿರಬೇಕು. ಬೆಳಿಗ್ಗೆ ಹಾಜರಿಗೆ ನಿಂತಿದ್ದೆ. ಮಂಜು ಬಿಟ್ಟಿರಲಿಲ್ಲ. ಮೇಲಿನ ದಾರಿಯಲ್ಲಿ ಹಣ್ಣು ಚೆನ್ನಾಗಿ ಆಗಿತ್ತು, ಗುಂಪನ್ನು ಅಲ್ಲಿಗೇ ಕಳಿಸಬೇಕು ಅಂದುಕೊಂಡಿದ್ದೆ. ಅಕ್ಕ ಎಲ್ಲರಿಗಿಂತ ಕೊನೆಗೆ, ಕಾಲು ಎಳೆಯುತ್ತಾ, ಏದುಸಿರು ಬಿಡುತ್ತಾ ಬಂದರು. ಸೀರೆಯ ಅಂಚೆಲ್ಲ ಇಬ್ಬನಿಯಲ್ಲಿ ಒದ್ದೆ. ನನ್ನ ಮುಖಕ್ಕೆ ಫೋನ್ ಹಿಡಿದರು. ಆನೆ ಪೇಜ್ ತೆರೆದಿತ್ತು. ಮೇಲಿನ ದಾರಿ, ಕೆರೆ ಪಕ್ಕ ಆನೆ, ಜೊತೆಗೆ ಒಂದು ಮರಿ ಇದೆ, ಈಗಷ್ಟೇ.

ಗುಂಪಿನ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಕೆಳಗಿನ ಹೆಸರು ಓದುವ ಮೊದಲೇ ನನ್ನ ಬಾಯಿಗೆ ಬಂದದ್ದು ಅಭ್ಯಾಸದ ಮಾತು.

"ಕಂಡೋರು ಯಾರು?"

"ನಾನೇ ಸಾರ್," ಅಂದರು ಅಕ್ಕ. "ನೀವು ಇವರನ್ನ ಮೇಲೆ ಕಳಿಸ್ತೀರಾ ಅಂತ ಗೊತ್ತಿತ್ತು. ಅದಕ್ಕೆ ಮುಂಚೆ ಹೋಗಿ ನೋಡ್ಕೊಂಡ್ ಬಂದೆ."